ಪುಟ್ಟನ ಇನ್ಸುಲಿನ್ ವಿಚಾರವಾಗಿ ಅಪ್ಪನವರಿಗೆ

ತೀರ್ಥರೂಪ ಅಪ್ಪನವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮ. ಮೇದೋಜೀರಕದ ಬೇರೆ ಜೀವಕೋಶಗಳಿಂದಲೇ ಇನ್ಸುಲಿನ್ ತಯಾರಿಸುತ್ತಾರಂತೆ, ಹಾಗಾದರೆ ಟೈಪ್ 1 ಮಧುಮೇಹವಿರುವ ನಮ್ಮ ಪುಟ್ಟನಿಗೆ ದಿನಾ ಚುಚ್ಚುವುದು ಯಾವಾಗ ತಪ್ಪುತ್ತದೆ ಎಂದು ಮೊನ್ನೆ ಫೋನಿನಲ್ಲಿ ನೀವು ಕೇಳಿದಾಗ ನಾನು ಅರ್ಧಂಬರ್ಧ ಉತ್ತರ ಕೊಟ್ಟೆ. ಪ್ರಯೋಗಾಲಯದಲ್ಲಿ ದಿನವೂ ಇದೇ ಕೋಶಗಳ ಮುಂದೆ ಕೂರುವವಳು ಅಷ್ಟಕ್ಕೇ ಬಿಡುವುದು ಸರಿಯಲ್ಲವೆನಿಸಿ ಬರೆಯುತ್ತಿದ್ದೇನೆ.

ಮೇದೋಜೀರಕ ಗ್ರಂಥಿಯ ಬಹುಪಾಲು ಜೀರ್ಣರಸ ಸ್ರವಿಸುವ ಕೋಶಗಳೇ ಆಗಿದ್ದು, ಇನ್ಸುಲಿನ್ ಬರುವುದು ಅವುಗಳ ನಡುವೆ ದ್ವೀಪಗಳಂತೆ ಚದುರಿರುವ ಪುಟ್ಟ ಗುಂಪುಗಳಿಂದ. 1869ರಲ್ಲಿ ಇವನ್ನು ಗುರುತಿಸಿದ ಪೌಲ್ ಲ್ಯಾಂಗರ್‌ಹ್ಯಾನ್ಸ್ ಅವರ ಹೆಸರೇ ಅವುಗಳಿಗೆ ನಿಂತಿದೆ. ಬಿಡಿಸಿದ ಅಂಗಾಂಶಕ್ಕೆ ಡೈಥೈಜೋನ್ ಎಂಬ ಬಣ್ಣ ಹಾಕಿದರೆ, ಇನ್ಸುಲಿನ್ ಜೊತೆ ಸತುವೂ ಇರುವುದರಿಂದ, ಮಂಕು ರಾಶಿಯ ನಡುವೆ ದ್ವೀಪಗಳು ಮಾತ್ರ ಕೆಂಪು ಕಾಳುಗಳಂತೆ ಎದ್ದು ಕಾಣುತ್ತವೆ. ಎಷ್ಟು ಸಲ ನೋಡಿದರೂ ನನಗೆ ಬೇಸರ ಬಂದಿಲ್ಲ. ಪುಟ್ಟನ ಶರೀರದಲ್ಲಿ ರೋಗನಿರೋಧಕ ವ್ಯವಸ್ಥೆಯೇ ಈ ದ್ವೀಪಗಳಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ಶತ್ರುವೆಂದು ಬಗೆದು ನಾಶಮಾಡುತ್ತಿದೆ. ಅವುಗಳ ಪಕ್ಕದಲ್ಲೇ ಇದ್ದು, ಗ್ಲುಕಗಾನ್ ಸ್ರವಿಸಿ ರಕ್ತದ ಸಕ್ಕರೆಯನ್ನು ಏರಿಸುವ ಆಲ್ಫಾ ಕೋಶಗಳನ್ನು ಅದು ಬಹುಮಟ್ಟಿಗೆ ಮುಟ್ಟುವುದಿಲ್ಲ.

ಇನ್ಸುಲಿನ್ನಿನ ಜೀನ್ ಹೆಚ್ಚುಕಡಿಮೆ ಎಲ್ಲ ಕೋಶಗಳಲ್ಲೂ ಇದ್ದೇ ಇರುತ್ತದೆ, ಬೀಟಾ ಕೋಶದ ಹೊರತು ಉಳಿದೆಡೆ ಅದಕ್ಕೆ ಬೀಗ ಬಿದ್ದಿರುತ್ತದೆ ಅಷ್ಟೆ. 2008ರಲ್ಲಿ ಹಾರ್ವರ್ಡ್‌ನ ಡಗ್ಲಸ್ ಮೆಲ್ಟನ್ ಅವರ ತಂಡದವರು (ಅವರ ಇಬ್ಬರು ಮಕ್ಕಳಿಗೂ ಪುಟ್ಟನದೇ ಕಾಯಿಲೆ) ಮೂರು ಜೀನ್‌ಗಳನ್ನು ವೈರಸ್ ಮೂಲಕ ಬದುಕಿರುವ ಇಲಿಗಳ ಮೇದೋಜೀರಕಕ್ಕೆ ಸೇರಿಸಿ, ಜೀರ್ಣರಸದ ಕೋಶಗಳನ್ನೇ ಬೀಟಾ ಕೋಶಗಳನ್ನು ಹೋಲುವಂತೆ ಮಾರ್ಪಡಿಸಿದರು. ಆ ಇಲಿಗಳ ಸಕ್ಕರೆ ತಗ್ಗಿತಾದರೂ ಹೊಸ ಕೋಶಗಳು ಒಟ್ಟುಗೂಡಿ ದ್ವೀಪಗಳಾಗಲಿಲ್ಲ.

ನನಗೆ ಇನ್ನೂ ಹೆಚ್ಚು ಭರವಸೆ ಕೊಟ್ಟದ್ದು ಜಿನೀವಾದ ಪೆಡ್ರೊ ಹೆರೆರಾ ಅವರ ಗುಂಪು 2019ರಲ್ಲಿ ಪ್ರಕಟಿಸಿದ ಕೆಲಸ. ದಾನಿಗಳಿಂದ ಪಡೆದ ಮನುಷ್ಯರ ಆಲ್ಫಾ ಕೋಶಗಳಿಗೆ ಎರಡೇ ಜೀನ್‌ಗಳನ್ನು ಸೇರಿಸಿ, ಅವನ್ನು ಉಂಡೆಗಟ್ಟಿಸಿ ಮಧುಮೇಹವಿದ್ದ ಇಲಿಗಳಲ್ಲಿ ಕಸಿ ಮಾಡಿದಾಗ, ಸಕ್ಕರೆ ಏರಿದಂತೆ ಅವು ಇನ್ಸುಲಿನ್ ಬಿಟ್ಟವು. ಆರು ತಿಂಗಳಾದ ಮೇಲೂ ಆ ಕೆಲಸ ನಿಂತಿರಲಿಲ್ಲ. ವಿಚಿತ್ರವೆಂದರೆ, ಅವು ತಮ್ಮ ಆಲ್ಫಾ ಗುರುತನ್ನು ಪೂರ್ತಿ ಬಿಟ್ಟುಕೊಟ್ಟಿರಲಿಲ್ಲ, ಮತ್ತು ರೋಗನಿರೋಧಕ ಕೋಶಗಳನ್ನು ಅಷ್ಟಾಗಿ ಕೆರಳಿಸಲೂ ಇಲ್ಲ.

ಆದರೆ ಇದೆಲ್ಲ ಇಲಿಗಳಲ್ಲಿ ನಡೆದದ್ದು. ಮನುಷ್ಯರಲ್ಲಿ ಮುಂದೆ ಹೋಗಿರುವುದು ಇನ್ನೊಂದು ದಾರಿ: ಕಾಂಡಕೋಶಗಳಿಂದ (ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲ ಕೋಶಗಳಿಂದ) ಬೆಳೆಸಿದ ದ್ವೀಪಗಳನ್ನು ಪೂರ್ಣ ಪ್ರಮಾಣದಲ್ಲಿ ಪಡೆದ 12 ಮಂದಿಯಲ್ಲಿ 10 ಮಂದಿಗೆ ವರ್ಷದ ನಂತರ ಇನ್ಸುಲಿನ್ ಬೇಕಾಗಿರಲಿಲ್ಲ ಎಂದು 2025ರಲ್ಲಿ ವರದಿಯಾಯಿತು. ಆದರೆ ಅವರು ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ಮಾತ್ರೆಗಳನ್ನು ನುಂಗುತ್ತಲೇ ಇರಬೇಕು. ಬೆಳೆಯುವ ಹುಡುಗನಿಗೆ ಇಂಜೆಕ್ಷನ್ ತಪ್ಪಿಸಲು ಆ ಮಾತ್ರೆಗಳನ್ನು ಕೊಡುವುದು ಲಾಭದ ವ್ಯಾಪಾರವೆಂದು ನನಗೆ ಅನ್ನಿಸುವುದಿಲ್ಲ.

ಆದ್ದರಿಂದ ಅಕ್ಕನಿಗೆ ಹೇಳಿ, ಒಂದು ಹೊತ್ತಿನ ಇನ್ಸುಲಿನ್ ಕೂಡ ತಪ್ಪಬಾರದು. ಕೋಶ ಮಾರ್ಪಡಿಸಿ ಗುಣಮಾಡುತ್ತೇವೆಂದು ಯಾರಾದರೂ ಹಣ ಕೇಳಿದರೆ, ಕೊಡುವ ಮೊದಲು ನನಗೆ ಒಂದು ಫೋನ್ ಮಾಡಿ.

ಇಂತಿ ನಿಮ್ಮ ಪ್ರೀತಿಯ ಮಗಳು