ಸೆಲ್ಫ್ ಬದಲಿಸುವ ಮೊದಲು ವೋಲ್ಟೇಜ್ ಅಳೆಯಲಿ

ಮಾನ್ಯ ಸಂಪಾದಕರೇ,

ಕೀಲಿ ತಿರುಗಿಸಿದರೆ ಬಾನೆಟ್ ಒಳಗಿಂದ ಟಿಕ್ ಟಿಕ್ ಎಂಬ ಸದ್ದು ಕೇಳಿಸುತ್ತದೆ, ಎಂಜಿನ್ ಮಾತ್ರ ತಿರುಗುವುದಿಲ್ಲ. ಈ ತೊಂದರೆಯೊಂದಿಗೆ ಗ್ಯಾರೇಜಿಗೆ ಹೋದ ಅನೇಕ ಕಾರು ಮಾಲೀಕರಿಗೆ, ಮೀಟರ್ ಹಿಡಿದು ನೋಡುವ ಮೊದಲೇ ‘ಸೆಲ್ಫ್ (ಎಂಜಿನ್ ತಿರುಗಿಸಿ ಸ್ಟಾರ್ಟ್ ಮಾಡುವ ಮೋಟಾರು) ಹೋಗಿದೆ, ಹೊಸದು ಹಾಕಬೇಕು’ ಎಂಬ ಉತ್ತರ ಸಿಗುತ್ತಿದೆ. ಐಟಿಐಯಲ್ಲಿ ಮೋಟಾರು ವಾಹನ ಮೆಕ್ಯಾನಿಕ್ ವಿಭಾಗದ ವಿದ್ಯಾರ್ಥಿಗಳಿಗೆ ಪಾಠ ಹೇಳಿ ನಿವೃತ್ತನಾದ ನನಗೆ ಇದು ತೀರಾ ಬೇಸರದ ಸಂಗತಿ. ಏಕೆಂದರೆ ಈ ದೋಷ ಎಲ್ಲಿದೆ ಎಂಬುದನ್ನು ಬಹುಪಾಲು ಸಂದರ್ಭಗಳಲ್ಲಿ ಹತ್ತು ನಿಮಿಷದೊಳಗೆ, ಒಂದು ಸಾಧಾರಣ ಮಲ್ಟಿಮೀಟರ್‌ನಿಂದ ಪತ್ತೆ ಮಾಡಬಹುದು.

ಒಂದರ ಹಿಂದೊಂದು ವೇಗವಾಗಿ ಬರುವ ಟಿಕ್ ಟಿಕ್ ಸದ್ದು ಸಾಮಾನ್ಯವಾಗಿ ಸೆಲ್ಫ್ ಕೆಟ್ಟಿರುವುದರ ಗುರುತಲ್ಲ. ಕೀಲಿ ತಿರುಗಿಸಿದಾಗ ಸೆಲ್ಫ್ ಮೇಲಿರುವ ಸೊಲೆನಾಯ್ಡ್ ಎಂಬ ವಿದ್ಯುತ್ಕಾಂತದ ಸ್ವಿಚ್ಚು ಮೊದಲು ಅಲ್ಪ ವಿದ್ಯುತ್ತಿನಿಂದ ತನ್ನೊಳಗಿನ ಕಬ್ಬಿಣದ ದಂಡವನ್ನು ಎಳೆದುಕೊಂಡು ದೊಡ್ಡ ಕಾಂಟ್ಯಾಕ್ಟ್‌ಗಳನ್ನು ಕೂಡಿಸುತ್ತದೆ; ಕೂಡಿಸಿದ ಕ್ಷಣದಲ್ಲೇ ಮೋಟಾರು ಭಾರಿ ಪ್ರಮಾಣದ ವಿದ್ಯುತ್ ಎಳೆಯುವುದರಿಂದ, ಬ್ಯಾಟರಿ ಸೊರಗಿದ್ದರೆ ವೋಲ್ಟೇಜ್ ಕುಸಿದು ದಂಡ ಹಿಂದಕ್ಕೆ ಜಾರುತ್ತದೆ; ಮೋಟಾರಿನ ಹೊರೆ ತಪ್ಪಿದ ಕೂಡಲೇ ವೋಲ್ಟೇಜ್ ಮತ್ತೆ ಏರಿ ದಂಡವನ್ನು ಪುನಃ ಎಳೆಯುತ್ತದೆ. ನಮ್ಮ ಕಿವಿಗೆ ಬೀಳುವುದು ಈ ಎಳೆದಾಟದ ಸದ್ದು. ಸೊಲೆನಾಯ್ಡ್ ತನ್ನ ಕೆಲಸ ಮಾಡುತ್ತಿದೆ, ಅದಕ್ಕೆ ಬೇಕಾದಷ್ಟು ವಿದ್ಯುತ್ ಮಾತ್ರ ತಲುಪುತ್ತಿಲ್ಲ ಎಂದೇ ಇದರರ್ಥ.

‘ಹಾರ್ನ್ ಹೊಡೆಯುತ್ತಿದೆ, ಲೈಟ್ ಉರಿಯುತ್ತಿದೆ, ಹಾಗಾದರೆ ಬ್ಯಾಟರಿ ಚೆನ್ನಾಗಿಯೇ ಇದೆಯಲ್ಲ’ ಎಂದು ಮಾಲೀಕರು ಕೇಳುವುದುಂಟು. ಕೆಲವು ಮೆಕ್ಯಾನಿಕ್‌ಗಳೂ ಹಾಗೆಯೇ ನಂಬುತ್ತಾರೆ. ಹೆಡ್‌ಲೈಟಿನ ಒಂದು ಹ್ಯಾಲೊಜನ್ ಬಲ್ಬಿಗೆ ಸುಮಾರು 5 ಆಂಪಿಯರ್ ಸಾಕು, ಆದರೆ ಸಣ್ಣ ಪೆಟ್ರೋಲ್ ಕಾರಿನ ಸೆಲ್ಫ್‌ಗೂ 100 ಆಂಪಿಯರ್‌ಗಿಂತ ಹೆಚ್ಚು ಬೇಕಾಗುತ್ತದೆ, ಡೀಸೆಲ್ ಕಾರಿಗೆ ಇನ್ನೂ ಹೆಚ್ಚು. ಆದ್ದರಿಂದ ಹೊರೆ ಹೊರಿಸಿ ನೋಡದೆ ಬ್ಯಾಟರಿಗೆ ಪ್ರಮಾಣಪತ್ರ ಕೊಡಬಾರದು. ಕೆಲವು ಗಂಟೆ ನಿಂತ ಕಾರಿನಲ್ಲಿ, ಪೂರ್ತಿ ಚಾರ್ಜ್ ಆದ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸಬೇಕು, 12.2ಕ್ಕೆ ಬಂದರೆ ಅರ್ಧದಷ್ಟು ಖಾಲಿಯಾಗಿದೆ ಎಂದು ತಿಳಿಯಬೇಕು. ಸೆಲ್ಫ್ ಹೊಡೆಯುವಾಗ ಅದು 9.6 ವೋಲ್ಟಿಗಿಂತ ಕೆಳಗೆ ಇಳಿದರೆ ಮೊದಲು ಬ್ಯಾಟರಿಯನ್ನು ಚಾರ್ಜ್ ಮಾಡಿ ಪುನಃ ಪರೀಕ್ಷಿಸಬೇಕು. ಎಂಜಿನ್ ಓಡುವಾಗ ವಿದ್ಯುತ್ ಉತ್ಪಾದಿಸುವ ಆಲ್ಟರ್ನೇಟರ್ ಬ್ಯಾಟರಿಯನ್ನು ಚಾರ್ಜ್ ಮಾಡುತ್ತಿದೆಯೇ ಎಂಬುದನ್ನೂ ನೋಡದೆ ಹೊಸ ಬ್ಯಾಟರಿ ಮಾರಿದರೆ, ಕೆಲವೇ ದಿನಗಳಲ್ಲಿ ಅದೂ ಖಾಲಿಯಾಗುತ್ತದೆ.

ಬ್ಯಾಟರಿಯೂ ಸೆಲ್ಫೂ ಎರಡೂ ಚೆನ್ನಾಗಿದ್ದು, ನಡುವಿನ ಜೋಡಣೆ ಕೆಟ್ಟಿರುವ ಪ್ರಸಂಗಗಳು ನಮ್ಮ ಮಲೆನಾಡಿನ ಮಳೆಯಲ್ಲಿ ಬಹಳ. ನಮ್ಮ ನೆರೆಯವರೊಬ್ಬರ ಕಾರಿಗೆ ಕಳೆದ ಮಳೆಗಾಲದಲ್ಲಿ ಹೊಸ ಸೆಲ್ಫ್ ಹಾಕಿಸಲಾಗಿತ್ತು; ಕೆಲವು ದಿನ ಓಡಿ, ಮತ್ತೆ ಅದೇ ಸದ್ದು ಶುರುವಾಯಿತು. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ ಟರ್ಮಿನಲ್‌ಗೂ ಇನ್ನೊಂದನ್ನು ಎಂಜಿನ್ ಮೈಗೂ ತಾಗಿಸಿ ಕೀಲಿ ತಿರುಗಿಸಿದಾಗ, ಅರ್ಧ ವೋಲ್ಟ್ ಕೂಡ ಮುಟ್ಟಬಾರದಾಗಿದ್ದ ಮುಳ್ಳು 3 ವೋಲ್ಟ್ ದಾಟಿತು. ಬ್ಯಾಟರಿ ಕೂರಿಸುವ ತಟ್ಟೆಯ ಕೆಳಗೆ ಅರ್ಥ್ ವೈರಿನ (ಬ್ಯಾಟರಿಯ ಮೈನಸ್ ಟರ್ಮಿನಲ್ಲನ್ನು ಕಾರಿನ ಮೈಗೆ ಜೋಡಿಸುವ ವೈರು) ತುದಿಗೂ ಕಾರಿನ ಮೈಗೂ ನಡುವೆ ತುಕ್ಕು ಕಟ್ಟಿ, ಬೋಲ್ಟ್ ಬಿಗಿಯಾಗಿದ್ದರೂ ಲೋಹಕ್ಕೆ ಲೋಹ ತಾಗುತ್ತಿರಲಿಲ್ಲ. ಉಪ್ಪುಕಾಗದದಿಂದ ಉಜ್ಜಿ, ಬಿಗಿದು, ಪೆಟ್ರೋಲಿಯಂ ಜೆಲ್ಲಿ ಸವರಿದ ಮೇಲೆ ಕಾರು ಮೊದಲ ಸಲಕ್ಕೇ ಸ್ಟಾರ್ಟ್ ಆಯಿತು. ಸೆಲ್ಫ್ ಬದಲಿಸುವಾಗ ವೈರುಗಳನ್ನು ಅಲುಗಾಡಿಸಿದ್ದರಿಂದಲೇ ಕೆಲವು ದಿನ ಸಂಪರ್ಕ ಸಿಕ್ಕಿದ್ದಿರಬೇಕು. ಓಮ್‌ನ ನೂರನೇ ಒಂದು ಭಾಗದಷ್ಟು ಅಡ್ಡಿ ಇದ್ದರೂ 150 ಆಂಪಿಯರ್ ಹರಿಯುವಾಗ ಒಂದೂವರೆ ವೋಲ್ಟ್ ದಾರಿಯಲ್ಲೇ ಸೋರಿಹೋಗುತ್ತದೆ ಎಂಬ ಲೆಕ್ಕ, ಈ ವೃತ್ತಿಯಲ್ಲಿರುವ ಯಾರಿಗೂ ಹೊಸದಲ್ಲ.

ಸೆಲ್ಫ್ ಕೆಡುವುದೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಒಂದೇ ಒಂದು ಸಲ ಗಟ್ಟಿಯಾಗಿ ಟಕ್ ಎಂದು, ಹೆಡ್‌ಲೈಟ್ ಸ್ವಲ್ಪವೂ ಮಂಕಾಗದಿದ್ದರೆ ಸೊಲೆನಾಯ್ಡಿನ ಕಾಂಟ್ಯಾಕ್ಟ್ ಸುಟ್ಟಿರಬಹುದು ಅಥವಾ ಮೋಟಾರಿನ ತಿರುಗುವ ಭಾಗಕ್ಕೆ ವಿದ್ಯುತ್ ದಾಟಿಸುವ ಕಾರ್ಬನ್ ಬ್ರಷ್ ಸವೆದಿರಬಹುದು. ಆಗಲೂ ಬಿಚ್ಚಿ ದುರಸ್ತಿ ಮಾಡಬಲ್ಲ ಆಟೊ ಎಲೆಕ್ಟ್ರಿಷಿಯನ್‌ಗಳು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ, ಪೂರ್ತಿ ಸೆಲ್ಫ್ ಬದಲಿಸುವುದೊಂದೇ ದಾರಿಯಲ್ಲ. ಒಂದು ಎಚ್ಚರಿಕೆಯನ್ನು ಮಾತ್ರ ಇಲ್ಲಿ ಹೇಳಲೇಬೇಕು: ನೀರು ನಿಂತ ರಸ್ತೆಯಲ್ಲಿ ಮುಳುಗಿದ ಕಾರು ಹೀಗೆ ಟಕ್ ಎಂದು ನಿಂತರೆ ಮತ್ತೆ ಮತ್ತೆ ಸೆಲ್ಫ್ ಹೊಡೆಯಬೇಡಿ, ತಳ್ಳಿ ಸ್ಟಾರ್ಟ್ ಮಾಡಲೂ ಹೋಗಬೇಡಿ, ಸಿಲಿಂಡರಿನೊಳಗೆ ನೀರು ಹೋಗಿದ್ದರೆ ಕನೆಕ್ಟಿಂಗ್ ರಾಡ್ ಬಾಗಿ ಎಂಜಿನ್ನೇ ಹಾಳಾದೀತು.

ಗ್ಯಾರೇಜಿನವರೆಲ್ಲರೂ ಮೋಸಗಾರರಲ್ಲ, ಸಾಲಾಗಿ ಕಾರುಗಳು ನಿಂತಿರುವಾಗ ಅಳೆದು ನೋಡುವುದಕ್ಕಿಂತ ಬದಲಿಸುವುದು ಸುಲಭವೆನಿಸುತ್ತದೆ, ಅದರ ಖರ್ಚು ಮಾತ್ರ ಗ್ರಾಹಕರ ತಲೆಗೆ ಬರುತ್ತದೆ. ಆದ್ದರಿಂದ ಕಾರು ನಿಂತಾಗಿನ ವೋಲ್ಟೇಜ್, ಸೆಲ್ಫ್ ಹೊಡೆಯುವಾಗಿನ ವೋಲ್ಟೇಜ್, ಅರ್ಥ್ ವೈರಿನಲ್ಲಿ ಸೋರಿದ ವೋಲ್ಟೇಜ್ ಇಷ್ಟನ್ನು ಜಾಬ್ ಕಾರ್ಡಿನಲ್ಲಿ ಬರೆದು, ಬದಲಿಸಿದ ಹಳೆಯ ಭಾಗವನ್ನು ಗ್ರಾಹಕರಿಗೆ ತೋರಿಸುವ ಪದ್ಧತಿಯನ್ನು ಗ್ಯಾರೇಜು ಮಾಲೀಕರು ತಾವಾಗಿಯೇ ಆರಂಭಿಸಬೇಕೆಂದು ಕೋರುತ್ತೇನೆ. ಗ್ರಾಹಕರೂ ಈ ಅಂಕಿಗಳನ್ನು ಕೇಳಿ ಪಡೆಯಬೇಕು. ಕೆಡದ ಭಾಗವನ್ನು ಬದಲಿಸಿ ಹಣ ಪಡೆದಿದ್ದಾರೆ ಎಂಬ ದೂರಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಕೈಯಲ್ಲಿ ಆ ಜಾಬ್ ಕಾರ್ಡ್ ಇದ್ದರೆ ದೂರಿಗೆ ಬಲ ಬರುತ್ತದೆ.

ಇತಿ,
ನಿವೃತ್ತ ಐಟಿಐ ಬೋಧಕ, ಶಿವಮೊಗ್ಗ