ಬಣ್ಣಕ್ಕೆ ಬಾ ಅಂದೆಯಲ್ಲ, ಅದಕ್ಕೆ ಉತ್ತರ

ಪ್ರೀತಿಯ ಚಕ್ಕಡಿ,

ಮೊದಲು ಬೈಗುಳ, ಆಮೇಲೆ ಕ್ಷೇಮ ಸಮಾಚಾರ. ನಾನು ದಪ್ಪಗಿದ್ದಾಗಿನದು, ತೆಳ್ಳಗಾದ ಮೇಲಿನದು, ಎರಡು ಫೋಟೋ ಅಕ್ಕಪಕ್ಕ ಅಂಟಿಸಿ "ನಮ್ಮ ಗಡಿಗಿ ಈಗ ಚೊಂಬು ಆಗ್ಯಾನ" ಅಂತ ಬರೆದು ಊರಿಗೆಲ್ಲ ಹಂಚಿದವನು ನೀನೇ ಅಂತ ಗೊತ್ತು. ಹಂಚಿದ್ದು ಹಂಚಿದೆ, ಹಳೇ ಫೋಟೋ ಬೇರೆ ಸಿಗಲಿಲ್ವಾ? ಬಾದಾಮಿ ಮೆಟ್ಟಿಲ ಮೇಲೆ ಮಂಗ ನನ್ನ ಕೈಯಿಂದ ಹಣ್ಣು ಕಿತ್ತುಕೊಳ್ಳೋದೇ ಬೇಕಿತ್ತಾ? ಮೂರನೇ ಬಾಳೆಹಣ್ಣಿನ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ, ನೆನಪಿರಲಿ.

ಅದನ್ನ ನೋಡಿ ಎಷ್ಟೋ ಜನ ಶಭಾಷ್ ಅಂದರು. ನನಗೆ ಗುರುತೇ ಇಲ್ಲದವರೂ ಅಂದರು. ಹಾಗಾಗಿ ಈ ಪತ್ರವನ್ನೂ ಎಲ್ಲರ ಮುಂದೆಯೇ ಬರೀತಿದ್ದೀನಿ. ಕಟ್ಟೆಗೆ ಎಳೆದವನು ನೀನು, ಈಗ ಕೂತು ಕೇಳು. ಹೋಳಿ ಬಣ್ಣಕ್ಕೆ ಊರಿಗೆ ಬರ್ತೀನಿ, ನೀನೂ ಬಾ, ಬ್ಯಾರಲ್ ಹೊತ್ತ ಬಣ್ಣದ ಬಂಡಿ ಹತ್ತೋಣ ಅಂತ ಕರೆದೆಯಲ್ಲ, ಅದಕ್ಕೂ ಉತ್ತರ ಇದರಲ್ಲೇ ಇದೆ.

ಲೆಕ್ಕ ಮೊದಲು ಹೇಳಿಬಿಡ್ತೀನಿ, ಯಾಕಂದ್ರೆ ಎಲ್ಲರೂ ಕೇಳೋದು ಅದನ್ನೇ. 118 ಕೆಜಿ ಇದ್ದೆ, ಈಗ 74. ಹಿಡಿದದ್ದು 22 ತಿಂಗಳು. ವಯಸ್ಸು 49, ಅದು ಮಾತ್ರ ಇಳಿಯಲಿಲ್ಲ. ಊಟಕ್ಕೆ ನಾಲ್ಕು ರೊಟ್ಟಿ ಇದ್ದದ್ದು ಒಂದಾಯಿತು, ಶೇಂಗಾ ಹಿಂಡಿ ಮೇಲೆ ಸುರಿಯೋ ಎಣ್ಣೆ ಚಮಚಕ್ಕೆ ಬಂತು, ಬೆಳಿಗ್ಗೆ ಎದ್ದು ನಮ್ಮ ಬಾಗಲಕೋಟೆ ನವನಗರದ ಸೆಕ್ಟರ್ ಸೆಕ್ಟರ್ ಸುತ್ತಿದೆ. ಅಷ್ಟೇ. ಯಾವ ಪುಡಿಯೂ ಇಲ್ಲ. ಇದನ್ನ ಹೇಳಿದ್ರೆ ಜನರಿಗೆ ಬೇಜಾರಾಗುತ್ತೆ, ಅವರಿಗೆ ಪುಡಿಯ ಹೆಸರು ಬೇಕು.

ಊರಲ್ಲಿ ಶಭಾಷ್‌ಗಿರಿ ಅಷ್ಟೇನಿಲ್ಲ. ನಮ್ಮ ಕಡೆ ಗಂಡಸು ತೆಳ್ಳಗಾದ ಅಂದ್ರೆ ಮೂರೇ ಕಾರಣ: ಶುಗರ್, ಸಾಲ, ಇಲ್ಲಾ ಮಗಳ ಲಗ್ನ. ನನಗೆ ಮಗಳಿಲ್ಲ. ಶುಗರ್ ಇತ್ತು ನಿಜ, ಅದಕ್ಕೇ ಡಾಕ್ಟರು ಹೆದರಿಸಿದ್ದು, ಆದ್ರೆ ಅದು ಈಗ ಹತೋಟಿಯಲ್ಲಿದೆ. ಉಳಿದದ್ದು ಸಾಲ. ಓಣಿಯ ಕಿರಾಣಿ ಅಂಗಡಿಯವನು ಹೋದ ತಿಂಗಳು ಉದ್ರಿ ಬರೆಯೋಕೆ ಎರಡು ಸಲ ಯೋಚನೆ ಮಾಡಿದ. 118 ಕೆಜಿ ಇದ್ದಾಗ ಕಣ್ಣು ಮುಚ್ಚಿ ಬರೀತಿದ್ದ.

ಸರಿ, ವಿಷಯಕ್ಕೆ ಬರ್ತೀನಿ. ನೀನು ಹಾಕಿದ ಎರಡನೇ ಫೋಟೋದಲ್ಲಿ ಇನ್‌ಶರ್ಟ್ ಮಾಡಿಕೊಂಡು ನಿಂತಿದ್ದೀನಲ್ಲ, ಅದರೊಳಗೆ ಏನಿದೆ ಅಂತ ಯಾರಿಗೂ ಗೊತ್ತಿಲ್ಲ. ಕೊಬ್ಬು ಹೋಯಿತು, ಚರ್ಮ ಹೋಗಲಿಲ್ಲ. 118 ಕೆಜಿಗೆ ಹೊಲಿಸಿದ ಅಂಗಿಯನ್ನು 74ರ ಮನುಷ್ಯನಿಗೆ ತೊಡಿಸಿದ ಹಾಗೆ, ಬಿಚ್ಚಿಡೋಕೆ ಬರಲ್ಲ ಅನ್ನೋದೊಂದೇ ವ್ಯತ್ಯಾಸ. ಹೊಟ್ಟೆ ಹಿಂಡದೆ ಒಣಹಾಕಿದ ಧೋತರದ ಹಾಗೆ ಜೋತು ಬಿದ್ದಿದೆ. ಬೆಳಿಗ್ಗೆ ಅದನ್ನು ಎರಡು ಮಡಿಕೆ ಮಾಡಿ ಪ್ಯಾಂಟಿನೊಳಗೆ ಸೇರಿಸಿ ಬೆಲ್ಟ್ ಹಾಕ್ತೀನಿ. ರಾತ್ರಿ ಮಗ್ಗಲು ಹೊರಳಿದರೆ ಮೊದಲು ನಾನು ಹೊರಳ್ತೀನಿ, ಸ್ವಲ್ಪ ಹೊತ್ತಿಗೆ ಹೊಟ್ಟೆ ಬರುತ್ತೆ. ಜೋರಾಗಿ ನಡೆದರೆ ಸಪ್ಪಳ ಬರುತ್ತೆ, ನಗಬೇಡ, ತಟತಟ ಅಂತ, ಬೆಳಿಗ್ಗೆ ಐದಕ್ಕೆ ಸೆಕ್ಟರ್‌ನಲ್ಲಿ ಯಾರೂ ಇಲ್ಲದಾಗ ನನ್ನ ಹಿಂದೆ ಇನ್ನೊಬ್ಬ ಯಾರೋ ಚಪ್ಪಲಿ ಹಾಕಿಕೊಂಡು ಬರ್ತಿದ್ದಾನೇನೋ ಅನ್ನಿಸಿ ಎರಡು ಸಲ ತಿರುಗಿ ನೋಡಿದ್ದೀನಿ.

ಬೇಸಿಗೆಯದು ಬೇರೆಯೇ ಕಥೆ. ನಮ್ಮ ಬಿಸಿಲು ನಿನಗೆ ಮರೆತಿರಬಹುದು, ಪುಣೆಯವನಾಗಿಬಿಟ್ಟೆ. ಹೊಟ್ಟೆಯ ಮಡಿಕೆಯ ಕೆಳಗೆ ಗಾಳಿ ಹೋಗೋದಿಲ್ಲ, ಬೆವರು ನಿಲ್ಲುತ್ತೆ, ಚರ್ಮಕ್ಕೆ ಚರ್ಮ ಉಜ್ಜಿ ಕೆಂಪಾಗುತ್ತೆ, ಆಮೇಲೆ ಅಲ್ಲೇ ಫಂಗಸ್ ಸಂಸಾರ ಹೂಡುತ್ತೆ. ಹೋದ ಮೇ ತಿಂಗಳಲ್ಲಿ ಕೆರೆದು ಕೆರೆದು ರಕ್ತ ಬಂತು. ಯಾರೋ ಹೇಳಿದ ಗಜಕರ್ಣದ ಮುಲಾಮು ಹಚ್ಚಿದೆ, ಅದರಲ್ಲಿ ಸ್ಟೀರಾಯ್ಡ್ ಇತ್ತಂತೆ, ಎರಡು ದಿನ ಆರಾಮ ಅನ್ನಿಸಿ ಮೂರನೇ ದಿನ ದುಪ್ಪಟ್ಟಾಯಿತು. ಚರ್ಮದ ಡಾಕ್ಟರು ಬೈದು, ಬರೀ ಫಂಗಸ್‌ಗೆ ಅಂತಲೇ ಇರೋ ಪುಡಿ ಕೊಟ್ಟು, ಮುಖ್ಯ ಔಷಧ ಇದಲ್ಲ, ಒಣಗಿಸೋದು ಅಂದರು. ಹಾಗಾಗಿ ಸ್ನಾನ ಆದ ಮೇಲೆ ಟವೆಲ್ಲಿನಿಂದ ಮೆತ್ತಗೆ ಒತ್ತಿ, ಫ್ಯಾನಿನ ಕೆಳಗೆ ಹೊಟ್ಟೆಯನ್ನ ಎರಡೂ ಕೈಯಿಂದ ಎತ್ತಿ ಹಿಡಿದುಕೊಂಡು ಐದು ನಿಮಿಷ ನಿಲ್ತೀನಿ. ಬಾಗಿಲಿಗೆ ಚಿಲಕ ಹಾಕಿ.

ಆಪರೇಷನ್ ವಿಚಾರಿಸಲಿಲ್ವಾ ಅಂತ ನೀನು ಕೇಳ್ತೀಯ. ವಿಚಾರಿಸಿದೆ. ಮನೆಯಲ್ಲಿ ಬೇರೆ ಏನೋ ಕೆಲಸ ಅಂತ ಹೇಳಿ ಒಬ್ಬ ಪ್ಲಾಸ್ಟಿಕ್ ಸರ್ಜನ್ ಹತ್ತಿರ ಹೋಗಿದ್ದೆ. ಪಾಪ, ಒಳ್ಳೇ ಮನುಷ್ಯ, ಕಾಗದದ ಮೇಲೆ ಚಿತ್ರ ಬಿಡಿಸಿ ಹೇಳಿದರು. ಚರ್ಮದ ಒಳಪದರದಲ್ಲಿ ಕೊಲಾಜೆನ್, ಇಲಾಸ್ಟಿನ್ ಅಂತ ನಾರುಗಳಿರ್ತಾವೆ. ಹಿಗ್ಗಿದ್ದನ್ನ ವಾಪಸ್ ಎಳೆಯೋದು ಇಲಾಸ್ಟಿನ್ ಕೆಲಸ. ನಾನು ಇಪ್ಪತ್ತು ವರ್ಷ ಹಿಗ್ಗಿಸಿ ಇಟ್ಟಿದ್ದೀನಿ, ಲಾಡಿ ಸತ್ತ ಚಡ್ಡಿಯ ಹಾಗಾಗಿದೆ. ವಯಸ್ಸಾದ ಹಾಗೆ ಅದು ಹೇಗೂ ಸೋಲುತ್ತೆ, ಬಿಸಿಲು ಸೋಲಿಸುತ್ತೆ, ಸಿಗರೇಟು ಸೋಲಿಸುತ್ತೆ. ಸಿಗರೇಟು ಅಂದಾಗ ನಿನ್ನ ನೆನಪಾಯಿತು, ಟಾಕೀಸ್ ಹಿಂದಿನ ಗೋಡೆ. ನನ್ನ ಹೊಟ್ಟೆಯ ಮೇಲೆ ನಿನ್ನದೂ ಪಾಲಿದೆ. ಕ್ರೀಮು ಹಚ್ಚಿದರೆ ಏನಾದರೂ? ಚರ್ಮ ಮೆತ್ತಗಾಗುತ್ತೆ, ಮೇಲೆ ಹೋಗಲ್ಲ ಅಂದರು. ವ್ಯಾಯಾಮದಿಂದ ಕೆಳಗಿನ ಸ್ನಾಯು ದಪ್ಪಗಾದ್ರೆ ತೋಳು, ತೊಡೆ ಸ್ವಲ್ಪ ತುಂಬಿಕೊಂಡಂತೆ ಕಾಣುತ್ತೆ, ಇಷ್ಟು ಜೋತ ಹೊಟ್ಟೆಗೆ ಅದು ಸಾಲದು.

ಉಳಿದದ್ದು ಕೊಯ್ಯೋದು. ಈ ಸೊಂಟದಿಂದ ಆ ಸೊಂಟದವರೆಗೆ ಕೆಳಗೆ ಒಂದು ಗೆರೆ ಕೊಯ್ದು, ಜೋತದ್ದನ್ನ ತೆಗೆದು, ಮೇಲಿನ ಚರ್ಮವನ್ನ ಕೆಳಕ್ಕೆ ಎಳೆದು ಹೊಲೀತಾರೆ. ಆಗ ಹೊಕ್ಕಳು ಇದ್ದಲ್ಲೇ ಇರುತ್ತಂತೆ, ಸುತ್ತಲಿನ ಚರ್ಮ ಮಾತ್ರ ಹೋಗುತ್ತೆ, ಕೆಳಕ್ಕೆ ಎಳೆದ ಚರ್ಮದಲ್ಲಿ ಹೊಸ ತೂತು ಮಾಡಿ ಅದನ್ನ ಅಲ್ಲಿ ಕೂರಿಸ್ತಾರೆ. ಅಂದ್ರೆ ಹೊಕ್ಕಳಿಗೂ ಪುನರ್ವಸತಿ! ಆಲಮಟ್ಟಿ ಡ್ಯಾಮಿನ ನೀರಿಗೆ ಅರ್ಧ ಊರು ಕೊಟ್ಟು ನವನಗರಕ್ಕೆ ಬಂದವರಿಗೆ ಇದನ್ನ ಬಿಡಿಸಿ ಹೇಳಬೇಕಾ? ಪ್ಲಾಟ್ ಸಿಗುತ್ತೆ, ಪರಿಹಾರ ಮಾತ್ರ ಇಲ್ಲ. ನನ್ನ ವಿಮೆ ಕಂಪನಿಯವರು ಇದು ಅಂದಕ್ಕೆ ಮಾಡಿಸಿಕೊಳ್ಳೋದು, ನಮಗೆ ಸಂಬಂಧ ಇಲ್ಲ ಅಂದುಬಿಟ್ಟರು. ಮೇ ತಿಂಗಳ ರಕ್ತದ ಫೋಟೋ ಕಳಿಸೋಣ ಅಂದುಕೊಂಡೆ, ಬಿಟ್ಟೆ. ಇನ್ನು ಗಾಯದ ನೀರು ಹೋಗೋಕೆ ಕೆಲವು ದಿನ ಪೈಪು, ವಾರಗಟ್ಟಲೆ ಭಾರ ಎತ್ತೋ ಹಾಗಿಲ್ಲ, ಗೆರೆ ಜೀವನಪೂರ್ತಿ ಇರುತ್ತೆ. ಅದಕ್ಕೂ ಮೊದಲು ಕನಿಷ್ಠ ಆರು ತಿಂಗಳು ತೂಕ ಒಂದೇ ಕಡೆ ನಿಂತಿರಬೇಕು. ನಿಂತಿದೆ. ನಾನು ನಿಂತಿಲ್ಲ, ಇನ್ನೂ ಓಲಾಡ್ತಿದ್ದೀನಿ.

ಈಗ ನಿನ್ನ ಪ್ರಶ್ನೆ. ಬಣ್ಣಕ್ಕೆ ಬರ್ತೀನಿ, ಬಂಡಿ ಹತ್ತೋಣ ಅಂದೆಯಲ್ಲ. ಹೋದ ವರ್ಷ ನನಗೆ ಜ್ವರ ಅಂತ ನಿನಗೆ ಹೇಳಿದ್ದೆ. ಜ್ವರ ಇರಲಿಲ್ಲ. ಮೂರು ದಿನ ಬಾಗಲಕೋಟೆಯಲ್ಲಿ ಹಲಗಿ ಬಡೀತಿದ್ರೆ ನಾನು ಕದ ಹಾಕಿಕೊಂಡು ಟಿವಿ ನೋಡ್ತಿದ್ದೆ. ಕಿಲ್ಲಾ ಓಣಿಯಲ್ಲಿ ಬ್ಯಾರಲ್ಲಿನಿಂದ ಬಣ್ಣ ಸುರಿದರೆ ಅಂಗಿ ಮೈಗೆ ಅಂಟುತ್ತೆ. ಅಂಟಿದರೆ ಎಲ್ಲ ಕಾಣುತ್ತೆ, ಮಡಿಕೆ ಮಡಿಕೆಯಾಗಿ. ತಮಾಷೆ ನೋಡು, 118 ಕೆಜಿ ಇದ್ದಾಗ ಅಂಗಿ ಬಿಚ್ಚಿ ಬಂಡಿ ಮೇಲೆ ಕುಣೀತಿದ್ದವನು ನಾನೇ. ಕೂಡಲಸಂಗಮದಲ್ಲಿ ನೀರಿಗೆ ಹಾರಿದಾಗ "ಡ್ಯಾಮಿನ ಮಟ್ಟ ಏರಿತಲೇ" ಅಂತ ಕೂಗಿದವನು ನೀನು, ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ಆಗ ನಾಚಿಕೆ ಇರಲಿಲ್ಲ ಅಂತಲ್ಲ. ಜೋಕು ಇತ್ತು. ನೀವು ಬಾಯಿ ತೆಗೆಯೋ ಮೊದಲೇ ನಾನು ಹೇಳಿಬಿಡ್ತಿದ್ದೆ. ಈ ಜೋತ ಚರ್ಮಕ್ಕೆ ನನ್ನ ಹತ್ತಿರ ಇನ್ನೂ ಒಂದು ಜೋಕೂ ಹುಟ್ಟಿಲ್ಲ.

ಹುಟ್ಟಿಲ್ಲ ಅಂತ ಬರೆದೆ. ಅದು ಪೂರ್ತಿ ನಿಜ ಅಲ್ಲ. ಒಂದು ಹುಟ್ಟಿತ್ತು, ಹಿಂದೆಯೇ.

ಎರಡು ವಾರದ ಹಿಂದೆ ಆನ್‌ಲೈನ್‌ನಲ್ಲಿ ಒಂದು ಬನಿಯನ್ ತರಿಸಿದೆ. ಹೊಟ್ಟೆಯನ್ನ ಬಿಗಿಯಾಗಿ ಹಿಡಿದಿಡುತ್ತೆ, ಅಲುಗಾಡಲ್ಲ, ಉಜ್ಜಲ್ಲ. ಹಾಕಿಕೊಳ್ಳೋದು ಮಾತ್ರ ಒಬ್ಬರ ಕೈಲಿ ಆಗೋ ಕೆಲಸ ಅಲ್ಲ. ತೋಳು ಮೇಲೆ ಸಿಕ್ಕಿಕೊಂಡು, ಮುಖ ಒಳಗೆ ಸಿಕ್ಕಿಕೊಂಡು, ಕೊನೆಗೆ ಚಿಲಕ ತೆಗೆದು ಇವಳನ್ನ ಕರೆಯಬೇಕಾಯಿತು. ಇಷ್ಟು ತಿಂಗಳಲ್ಲಿ ಬೆಳಕಿನಲ್ಲಿ ಅವಳು ನನ್ನ ಹೊಟ್ಟೆ ನೋಡಿದ್ದು ಅದೇ ಮೊದಲು. ನಾನು ಬನಿಯನ್ ಹಾಕಿಕೊಂಡೇ ಮಲಗೋದು, ಬಚ್ಚಲಲ್ಲೇ ಬಟ್ಟೆ ಹಾಕಿಕೊಂಡು ಬರೋದು. ಅವಳು ಏನೂ ಅನ್ನಲಿಲ್ಲ. ಮೊಣಕಾಲೂರಿ ಕೂತು, ಜೋತದ್ದನ್ನ ಅಂಗೈಯಲ್ಲಿ ಎತ್ತಿ ಒಳಗೆ ಸೇರಿಸಿ, ಬನಿಯನ್ ಕೆಳಗೆ ಎಳೆದಳು, ತಟ್ಟಿದ ರೊಟ್ಟಿ ಎತ್ತಿ ಹಂಚಿಗೆ ಹಾಕ್ತಾಳಲ್ಲ, ಅಷ್ಟು ಸಲೀಸಾಗಿ. "ಬಾಣಂತಿ ಹೊಟ್ಟಿ ಕಟ್ಟಿದಂಗಾತು ನೋಡ್ರಿ" ಅಂದಳು. ನಾನೂ ನಕ್ಕೆ, ಅಂಟಿನ ಉಂಡಿನೂ ಕೊಡು ಹಾಗಾದ್ರೆ ಅಂದೆ. ಎದ್ದು ಹೋಗ್ತಾ ಅಂದಳು, "ಅಂತೂ ನಿಮ್ಮ ಗುಡಾರಾನೂ ಕಿತ್ರಿ."

ನನಗೆ ಆಗ ಹೊಳೆಯಲೇ ಇಲ್ಲ. ರಾತ್ರಿ ಎರಡಕ್ಕೆ ಹೊಳೆಯಿತು.

ನಿನಗೆ ನೆನಪಿದೆಯಾ? ಸಣ್ಣವನ ಜವಳ. ಹಳೇ ಮನೆಯ ಪಡಸಾಲೆ. ನಾವು ಏಳೆಂಟು ಮಂದಿ ಊಟಕ್ಕೆ ಕೂತಿದ್ವಿ. ಇವಳು ಹಳದಿ ಸೀರೆ ಉಟ್ಟು ಹೋಳಿಗೆಗೆ ತುಪ್ಪ ಬಡಿಸ್ತಾ ಬಂದಳು, ಬಗ್ಗಿದಾಗ ಸೆರಗು ಸರಿದು ಹೊಟ್ಟೆ ಕಂಡಿತು. ಎರಡು ಹೆರಿಗೆಯ ಹೊಟ್ಟೆ. ನಾನು ಅಂದೆ: "ಒಂಬತ್ತು ತಿಂಗಳು ಒಳಗಿತ್ತು, ಒಂಬತ್ತು ತಿಂಗಳು ಹೊರಗಾತು, ಗುಡಾರ ಇನ್ನೂ ಕಿತ್ತಿಲ್ಲ." ಪಂಕ್ತಿಗೆ ಪಂಕ್ತಿಯೇ ನಕ್ಕಿತು. ನಿನಗೆ ಹೋಳಿಗೆ ಗಂಟಲಿಗೆ ಸಿಕ್ಕಿ ಕಣ್ಣಲ್ಲಿ ನೀರು ಬಂತು, ನಾನೇ ಬೆನ್ನು ಗುದ್ದಿದೆ. ಅವಳೂ ನಕ್ಕಳು ಅಂತ ನನ್ನ ನೆನಪು. ಎಲ್ಲರಿಗೂ ತುಪ್ಪ ಬಡಿಸಿ ಮುಗಿಸಿಯೇ ಒಳಗೆ ಹೋದಳು.

ಆಮೇಲೆ ಅವಳು ಸೆರಗನ್ನ ಸೊಂಟಕ್ಕೆ ಸುತ್ತಿ ಸಿಗಿಸಿಕೊಂಡೇ ಓಡಾಡ್ತಾಳೆ. ನೀನೂ ನೋಡಿದ್ದೀಯ. ಕೆಲಸಕ್ಕೆ ಅನುಕೂಲ, ಅವಳ ರೂಢಿ ಅಂತ ನಾನು ಅಂದುಕೊಂಡಿದ್ದೆ. ಆ ಸಣ್ಣವನಿಗೆ ಈಗ 20 ವರ್ಷ. ಈ 20 ವರ್ಷದಲ್ಲಿ ರಾತ್ರಿ ದೀಪ ಆರಿಸೋಳು ಅವಳು, ಯಾಕೆ ಅಂತ ನಾನು ಕೇಳಿಲ್ಲ. ಈಗ ನಾನು ದೀಪ ಆರಿಸಿದರೆ ಅವಳೂ ಕೇಳ್ತಿಲ್ಲ.

ಅವಳದ್ದು ಎರಡು ಮಕ್ಕಳಿಗಾಗಿ ಹಿಗ್ಗಿತ್ತು ಮಾರಾಯ, ನನ್ನದು ಕರದಂಟಿಗೆ. ಮರುದಿನ ಬೆಳಿಗ್ಗೆ ಏನಾದರೂ ಹೇಳಬೇಕು ಅಂತ ಅಡುಗೆಮನೆಗೆ ಹೋದೆ. ರೊಟ್ಟಿ ಬಡೀತಿದ್ದಳು. ಆ ಸಪ್ಪಳದಲ್ಲಿ "ಅವತ್ತು ಹಂಗ ಅನ್ನಬಾರದಿತ್ತು" ಅಂದೆ. "ಯಾವತ್ತು?" ಅಂದಳು. ಗೊತ್ತಿದ್ದೇ ಕೇಳಿದಳೋ, ಗೊತ್ತಿಲ್ಲದೆಯೋ. ನಾನು ಒಂದು ರೊಟ್ಟಿ ತಗೊಂಡು ಹೊರಗೆ ಬಂದೆ. ಅವತ್ತು ಎರಡು ತಿಂದೆ, ಅದನ್ನೂ ಬರೆದಿಡ್ತೀನಿ, ಲೆಕ್ಕಕ್ಕೆ.

ಇಷ್ಟೆಲ್ಲ ಬರೆಯೋ ಉದ್ದೇಶ ಇರಲಿಲ್ಲ. ಪ್ಲಾಸ್ಟಿಕ್ ಸರ್ಜನ್, ಪೈಪು, ಹೊಕ್ಕಳ ಪ್ಲಾಟು ಅಂತ ನಿನ್ನ ನಗಿಸಿ ಮುಗಿಸೋಣ ಅಂತಿದ್ದೆ. ಓದ್ತಿರೋ ಹಿರಿಯರು, ಸೋದರಮಾವಂದಿರು ಯಾರಾದ್ರೂ ಇದ್ರೆ ಮೇಲಿನ ಭಾಗ ಬಿಟ್ಟು ಶುಗರ್ ವಿಷಯ ಮಾತ್ರ ಓದಿಕೊಳ್ಳಿ. ಹುಲಿ ಮಾಸ್ತರ್ ಓದಿದ್ರೆ ಕಾಗುಣಿತ ತಿದ್ದಿ ಕಳಿಸಲಿ.

ಬಣ್ಣಕ್ಕೆ ಬಾ. ಬಂಡಿ ಹತ್ತೋದು ನಿಜ. ಕಪ್ಪು ಅಂಗಿ, ದಪ್ಪ ಅರಿವೆಯದು, ಒಳಗೆ ಬಿಗಿ ಬನಿಯನ್. ನೀನು ಪುಣೆಯಿಂದ ಆ ತೆಳ್ಳನೆ ಬಿಳಿ ಜುಬ್ಬಾ ಮಾತ್ರ ನನಗಾಗಿ ತರಬೇಡ, ನಿನ್ನ ಬುದ್ಧಿ ಗೊತ್ತು. ಯಾರಾದ್ರೂ ಅಂಗಿ ಹರಿದರೆ ಹರೀಲಿ, ಒಳಗೆ ಇನ್ನೊಂದು ಇದೆ ಅಂತ ಹೇಳ್ತೀನಿ. ನೋಡು, ಜೋಕು ಹುಟ್ಟಿತು. ಅಷ್ಟು ಚೆನ್ನಾಗಿಲ್ಲ, ಇರಲಿ, ಬಂಡಿ ಹತ್ತೋ ಹೊತ್ತಿಗೆ ಪಳಗುತ್ತೆ.

ನಿನ್ನ,
ಗಡಿಗಿ (ಚೊಂಬು ಅಂದ್ರೆ ಒದೀತೀನಿ)

ತಾ.ಕ.: ಇದನ್ನ ಹಾಕೋ ಮೊದಲು ಇವಳಿಗೆ ಓದೋಕೆ ಕೊಟ್ಟೆ. ಬೇಡ ಅಂದ್ರೆ ಹಾಕಲ್ಲ ಅಂದಿದ್ದೆ. ಪೂರ್ತಿ ಓದಿದಳು, ಕನ್ನಡಕ ತೆಗೆದು ಒರೆಸಿಕೊಂಡಳು. "ಹಾಕ್ರಿ. ಆದರ ಅವತ್ತು ನಾ ಉಟ್ಟಿದ್ದು ಹಳದಿ ಅಲ್ಲ. ನಮ್ಮವ್ವ ಕೊಟ್ಟಿದ್ದ ಹಸಿರು ಇಳಕಲ್" ಅಂದಳು. ಮೇಲೆ ತಿದ್ದಿಲ್ಲ, ಇಲ್ಲಿ ಹೇಳ್ತಿದ್ದೀನಿ: ಹಸಿರು ಇಳಕಲ್.