ವಿನಾಯಿತಿ ಅಂದರೆ ತೆರಿಗೆ ಜಾಸ್ತಿ!

ಮಾನ್ಯ ಸಂಪಾದಕರೇ,

ನಾನು ಅರಸೀಕೆರೆ ಕಡೆಯವನು. ಈಗ ಇರುವುದು ಅಮೆರಿಕದ ಮ್ಯಾಸಚೂಸೆಟ್ಸ್‌ನ ಒಂದು ಸಣ್ಣ ಊರಿನಲ್ಲಿ. ಇಲ್ಲಿ ಊರು ಹಾಕಬಹುದಾದ ಒಟ್ಟು ಆಸ್ತಿ ತೆರಿಗೆಯ ಮಿತಿ, ಹೊಸ ಕಟ್ಟಡಗಳದ್ದು ಬಿಟ್ಟು, ವರ್ಷಕ್ಕೆ ಶೇ 2.5ಕ್ಕಿಂತ ಹೆಚ್ಚು ಏರುವಂತಿಲ್ಲ. 1980ರಲ್ಲಿ ಜನರೇ ಮತ ಹಾಕಿ ತಂದ ಕಾನೂನು ಇದು; ಹೆಸರು 'ಪ್ರಪೊಸಿಷನ್ ಎರಡೂವರೆ'. ನಮ್ಮೂರಿನಲ್ಲಿ ಆದ ಹಾಗೆ, ಸಮುದಾಯ ಭವನಕ್ಕೆ ಸಾಲ ಎತ್ತಿ, ಕಂತನ್ನು ಆ ಮಿತಿಯ ಆಚೆಗಿನ ತೆರಿಗೆಯಿಂದ ಕಟ್ಟಬೇಕೆಂದರೆ ಮತಪತ್ರದಲ್ಲಿ ಜನರನ್ನು ಕೇಳಲೇಬೇಕು.

ಕೇಳುವ ರೀತಿ ನೋಡಿ. 'ಸಾಲ ತೀರಿಸುವ ಹಣಕ್ಕೆ ಪ್ರಪೊಸಿಷನ್ ಎರಡೂವರೆಯಿಂದ ವಿನಾಯಿತಿ ಕೊಡಬಹುದೇ?' ಹೆಚ್ಚುಕಮ್ಮಿ ಇಷ್ಟೇ. ಈ ಮಾತುಗಳನ್ನು ರಾಜ್ಯದ ಕಾನೂನೇ ಗೊತ್ತುಮಾಡಿದೆ. ಎಷ್ಟು ಡಾಲರ್ ಅಂತ ಅದರಲ್ಲಿಲ್ಲ. 'ತೆರಿಗೆ ಏರುತ್ತದೆ' ಅನ್ನುವ ಮಾತೂ ಇಲ್ಲ. ಪಕ್ಕದ ಮನೆಯ ಅಜ್ಜಿ 'ವಿನಾಯಿತಿ' ಓದಿ, ತಮಗೇ ತೆರಿಗೆ ಮಾಫಿ ಅಂದುಕೊಂಡು ಖುಷಿಯಾಗಿದ್ದರು! ವಿನಾಯಿತಿ ಸಿಗುವುದು ಮಿತಿಯಿಂದ, ತೆರಿಗೆಯಿಂದಲ್ಲ. ತಪ್ಪು ಅವರದಲ್ಲ ಅಲ್ವಾ?

ನಾನು ಭವನಕ್ಕೆ ವಿರೋಧಿಯಲ್ಲ, ಮತಪತ್ರದಲ್ಲಿ 'ಹೌದು' ಎದುರಿನ ಖಾಲಿ ಗುರುತನ್ನೇ ಪೆನ್ನಿನಲ್ಲಿ ತುಂಬಿದೆ. ಆದರೆ 'ಹೌದು ಎಂದರೆ ಸಾಲ ತೀರುವವರೆಗೆ ತೆರಿಗೆ ಜಾಸ್ತಿ' ಎಂದು ಒಂದು ಸಾಲು ಸೇರಿಸಲು ಏನು ಕಷ್ಟ?

ಫೋನಿನಲ್ಲಿ ಅಪ್ಪನಿಗೆ ಇದನ್ನು ಹೇಳಿದೆ. ಅವರು ನಕ್ಕರು. 'ನಿಮ್ಮಲ್ಲಿ ಪ್ರಶ್ನೆಯಾದರೂ ಅಚ್ಚಾಗಿರುತ್ತಲ್ಲೋ. ಹಿಂದೊಮ್ಮೆ ಒಂದು ಗ್ರಾಮಸಭೆಯಲ್ಲಿ ನಡಾವಳಿ ಪುಸ್ತಕದ ಖಾಲಿ ಹಾಳೆಗೇ ನನ್ನ ಸಹಿ ಹಾಕಿಸಿಕೊಂಡಿದ್ದರು' ಎಂದರು.

– ನಿಮ್ಮ ಓದುಗ, ಮ್ಯಾಸಚೂಸೆಟ್ಸ್